ಅಪ್ಪನ ಫೋನು, ಮಗನ ವಯಸ್ಸು

ಪ್ರಶ್ನೆ: ಸರ್, ನಂದು ಗಂಗಾವತಿ, ರೈಸ್ ಮಿಲ್ಲಿನಾಗ ಲೆಕ್ಕ ಬರಿಯೋ ಕೆಲಸ. ಸಂಜಿಕೆ ಮನಿಗೆ ಹೋದ್ರ ಫೋನ್ ನನ್ ಕೈಯಾಗ ಇರಂಗಿಲ್ಲ, ಐದನೆತ್ತಿ ಓದೋ ಮಗನ ಕೈಯಾಗ. ಮೊನ್ನೆ ನೋಡಿದ್ರ ಶಾರ್ಟ್ಸ್‌ನಾಗ ಹುಡುಗ್ರು ನೋಡಬಾರದ್ದೆಲ್ಲಾ ಬರಾಕತ್ತಿತ್ತು, ನಡುನಡುವೆ ಸಾಲದ ಆ್ಯಪ್ ಜಾಹೀರಾತು ಬ್ಯಾರೆ! ಮಕ್ಕಳ ಸೇಫ್ಟಿ ಅಂತ ಕಂಪನಿಯವ್ರು ಹೇಳ್ತಾರಲ್ರಿ, ಎಲ್ಲೈತಿ ಅದು? ಸಿಮ್ ಕಂಪನಿಯವ್ರ ಎಲ್ಲಾ ಬ್ಲಾಕ್ ಮಾಡಿದ್ರ ಮುಗೀತಲ್ಲ?

ಉತ್ತರ: ಸೇಫ್ಟಿ ಐತ್ರಿ, ಆದ್ರ ನಿಮ್ ಫೋನಿಗೆ ನಿಮಗ ಮಗ ಅದಾನ ಅನ್ನೋದ ಗೊತ್ತಿಲ್ಲ. ಗೂಗಲ್ ಅಕೌಂಟಿನಾಗ ನೀವು ಹುಟ್ಟಿದ ವರ್ಷ ತೆಗೆದು ನೋಡ್ರಿ, 1985ಓ 86ಓ ಇರತೈತಿ, ಅಂದ್ರ ಅವರ ಲೆಕ್ಕದಾಗ ರಾತ್ರಿ ಎಂಟಕ್ಕ ಶಾರ್ಟ್ಸ್ ನೋಡೋದು ಸಾಲಕ್ಕ ಅರ್ಹ ಆಗಿರೋ ಒಬ್ಬ ದೊಡ್ಡ ಮನುಷ್ಯ. 2023ರ ನಮ್ಮ ಡೇಟಾ ಕಾಯ್ದೆಯೊಳಗ 18ರ ಒಳಗಿನವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಅಂತ ಐತಿ, ಆದ್ರ ನಿಮ್ಮ ಅಕೌಂಟಿಗೆ ಅದು ಹೆಂಗ ಅನ್ವಯ ಆಗಬೇಕು ಹೇಳ್ರಿ?

ಸಿಮ್ ಕಂಪನಿ ವಿಚಾರ. ಬ್ರಿಟನ್ನಿನ ಮೊಬೈಲ್ ಕಂಪನಿಗಳು 2004ರಾಗ ತಾವ ಕೂಡಿ ಒಂದು ನಿಯಮ ಮಾಡ್ಕೊಂಡ್ವು, 18 ಆಗೈತಿ ಅಂತ ತೋರಿಸೋತನ ವಯಸ್ಕರ ಕಂಟೆಂಟ್ ಬಂದ್. ಆದ್ರ ಈಗ ಎಲ್ಲಾ ಎನ್‌ಕ್ರಿಪ್ಟ್ ಆಗಿ, ಅಂದ್ರ ನಡುವಿನವರು ಓದಾಕ ಬರದ ಗುಟ್ಟಿನ ಸಂಕೇತ ಆಗಿ ಹೋಗತೈತಿ, ಟವರಿನವನಿಗೆ ಯೂಟ್ಯೂಬ್ ತೆಗದ್ರು ಅನ್ನೋದು ಕಾಣತೈತಿ ಬಿಟ್ರ ಯಾವ ವಿಡಿಯೋ ಅಂತ ಕಾಣಂಗಿಲ್ಲ, ಅಂಚಿಯಣ್ಣ ಲಕೋಟಿ ಮ್ಯಾಲಿನ ವಿಳಾಸ ಓದಿದಂಗ. ಹಂಗಾಗಿ ಜರಡಿ ಫೋನಿನಾಗ ಇರಬೇಕು.

ಹುಡುಗನಿಗೆ ಬ್ಯಾರೆ ಫೋನ್ ಇದ್ರ ಅವನ ಖರೇ ವಯಸ್ಸು ಹಾಕಿ ಅಕೌಂಟ್ ಮಾಡಿ ಗೂಗಲ್ಲಿನ ಫ್ಯಾಮಿಲಿ ಲಿಂಕ್ ಆ್ಯಪ್‌ಗೆ ಸೇರಿಸ್ರಿ, ಯಾವ ಆ್ಯಪ್ ಹಾಕಬೇಕು, ಎಷ್ಟೊತ್ತಿಗೆ ಲಾಕ್ ಆಗಬೇಕು ಎಲ್ಲಾ ನಿಮ್ ಕೈಯಾಗ. ಒಂದ ಫೋನ್ ಇದ್ರ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಾಗ ಪೇರೆಂಟಲ್ ಕಂಟ್ರೋಲ್ ಆನ್ ಮಾಡ್ರಿ, ಯೂಟ್ಯೂಬ್ ಕಿಡ್ಸ್ ಹಾಕ್ರಿ, ಆಮ್ಯಾಲೆ ಆ್ಯಪ್ ಪಿನ್ನಿಂಗ್ ಅಂತ ಒಂದೈತಿ, ಸೆಟ್ಟಿಂಗ್ಸ್‌ನಾಗ ಹುಡುಕ್ರಿ, ಹೊರಗ ಬರಾಕ ಲಾಕ್ ನಂಬರ್ ಕೇಳೋ ಆಯ್ಕೆನೂ ಆನ್ ಮಾಡಿ, ಕಿಡ್ಸ್ ಆ್ಯಪನ್ನ ಪಿನ್ ಮಾಡಿ ಕೊಟ್ರ ಲಾಕ್ ನಂಬರ್ ಹಾಕದ ಹೊರಗ ಬರಾಕ ಆಗಂಗಿಲ್ಲ. ಲಾಕ್ ನಂಬರ್ ಮಾತ್ರ ಬದಲಿಸ್ರಿ ಮಾರಾಯ್ರ, ಈಗಿಂದು ಅವನಿಗೆ ಬಾಯಿಪಾಠ ಇರತೈತಿ. ಇದನ್ನೆಲ್ಲ ಫೋನ್ ಮಾರುವಾಗ್ಲೇ ಆನ್ ಮಾಡಿ ಕೊಡಬಾರದಾ ಅಂದ್ರ, ಕೊಡಬೇಕಿತ್ತು, ನನ್ನ ಸಿಟ್ಟೂ ಅದಕ್ಕ.

ಪ್ರಶ್ನೆ: ನಾವು ಸಿಂಧನೂರಿನವರು. ಹತ್ತನೇ ಕ್ಲಾಸಿನ ಮಗಳು ಇನ್‌ಸ್ಟಾಗ್ರಾಮಿನಾಗ ಗುರುತಿಲ್ಲದವನಿಗೆ ಒಂದು ಫೋಟೋ ಕಳಿಸ್ಯಾಳ, ಈಗ ಅವ ಇನ್ನಷ್ಟು ಕಳಸು, ಇಲ್ಲಾಂದ್ರ ಎಲ್ಲರಿಗೂ ಹಾಕ್ತೀನಿ ಅಂತಾನಂತ. ಅವರಪ್ಪಗ ಹೇಳಿಲ್ಲ.

ಉತ್ತರ: ಮೊದ್ಲು ಮಗಳಿಗೆ ಬೈಬ್ಯಾಡ್ರಿ ಅಮ್ಮಾ, ನಿಮ್ಮ ಹತ್ರ ಬಂದು ಹೇಳ್ಯಾಳಲ್ಲ, ಅದ ದೊಡ್ಡದು. ಹದಿಹರೆಯದವರ ಅಕೌಂಟ್ ತಾನಾಗೇ ಪ್ರೈವೇಟ್ ಆಗಿ, ಗುರುತಿಲ್ಲದವರ ಮೆಸೇಜ್ ಬರದಂಗ ಮಾಡೋದನ್ನ ಇನ್‌ಸ್ಟಾಗ್ರಾಮ್ 2024ರಾಗ ಶುರು ಮಾಡೈತಿ, ಆದ್ರ ಮಗಳು ಅಕೌಂಟ್ ತೆಗಿವಾಗ ಹುಟ್ಟಿದ ವರ್ಷ ಏನು ಹಾಕ್ಯಾಳ ಕೇಳ್ರಿ, ಬಹಳ ಹುಡುಗ್ರು ಎರಡು ಮೂರು ವರ್ಷ ಏರಿಸೇ ಹಾಕಿರ್ತಾರ.

ಫೋಟೋ ಹರಡದಂಗ ಮಾಡಾಕ ‘ಟೇಕ್ ಇಟ್ ಡೌನ್’ ಅಂತ ಉಚಿತ ಸೇವೆ ಐತಿ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ನಡೆಸೋದು. ಫೋಟೋ ನಿಮ್ ಫೋನ್ ಬಿಟ್ಟು ಎಲ್ಲೂ ಹೋಗಂಗಿಲ್ಲ, ಅದರ ಹೆಬ್ಬೆಟ್ಟಿನ ಗುರುತಿನಂಥ ಒಂದು ಕೋಡ್ ಅಷ್ಟೇ ಹೋಗತೈತಿ, ಸೇರಿಕೊಂಡ ಕಂಪನಿಗಳು ಆ ಕೋಡಿಗೆ ಹೊಂದೋ ಫೋಟೋ ಹುಡುಕಿ ತೆಗಿತಾವು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡೂ ಅದರಾಗ ಅದಾವು. ಅವನಿಗೆ ರೊಕ್ಕ, ಇನ್ನೊಂದು ಫೋಟೋ ಏನೂ ಕೊಡಬ್ಯಾಡ್ರಿ, ಚಾಟ್ ಅಳಿಸಬ್ಯಾಡ್ರಿ, ಅವನ ಅಕೌಂಟ್ ಹೆಸರು ಬರ್ಕೊಂಡು ಇವತ್ತೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ. ಮಕ್ಕಳ ಸಹಾಯವಾಣಿ 1098 ರಾತ್ರಿನೂ ಎತ್ತತಾರ.