ಓದುಗರ ಪ್ರಶ್ನೆ: ಜಪ್ತಿ ನೋಟಿಸಿಗೆ ಇನ್ನು ಹನ್ನೊಂದೇ ದಿನ

ಈ ಸಲ ಆರಿಸಿಕೊಂಡ ಮೂರೂ ಪತ್ರಗಳು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಬಾಕಿ ವಸೂಲಿಗೆ ಸಂಬಂಧಿಸಿದವು. ಮೊದಲನೆಯ ಪತ್ರದವರಿಗೆ ಗಡುವು ಕುತ್ತಿಗೆಗೆ ಬಂದಿದೆ, ಹಾಗಾಗಿ ಅವರಿಗೆ ಉದ್ದದ ಉತ್ತರ.

ಪ್ರಶ್ನೆ: ನಮಸ್ಕಾರ ಸರ್. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಂಪನಿ ಕೊಟ್ಟ ಆರ್‌ಎಸ್‌ಯು ಷೇರುಗಳನ್ನು 2021ರಲ್ಲಿ 95 ಸಾವಿರ ಡಾಲರಿಗೆ ಮಾರಿದ್ದೆ. ಅವು ಕೈಗೆ ಬಂದ ದಿನದ ಬೆಲೆ 92 ಸಾವಿರ. ಅಷ್ಟೂ ಡಬ್ಲ್ಯು-2ನಲ್ಲಿ (ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳ-ತೆರಿಗೆ ಪಟ್ಟಿ) ಸಂಬಳದ ಜೊತೆ ಸೇರಿ ತೆರಿಗೆ ಮುರಿದಿದ್ದರಿಂದ, ಮಾರಿದ್ದನ್ನು ಮತ್ತೆ ತೋರಿಸಬೇಕಿಲ್ಲ ಅಂದುಕೊಂಡೆ. 2023ರ ಬೇಸಿಗೆಯಲ್ಲಿ ಸ್ಯಾನ್ ಹೋಸೆಯಿಂದ ಮನೆ ಬದಲಿಸಿದೆ. ಆಮೇಲೆ ಬಾಕಿ ಕಟ್ಟಿ ಎಂದು ನೋಟಿಸುಗಳು ಬಂದವು. ಏನೋ ಕಂಪ್ಯೂಟರ್ ತಪ್ಪು ಇರಬೇಕೆಂದು ಡ್ರಾಯರಿಗೆ ಹಾಕಿದೆ. ಈಗ ಸರ್ಟಿಫೈಡ್ ಮೇಲ್‌ನಲ್ಲಿ ಎಲ್‌ಟಿ11 ಎಂಬ ಪತ್ರ ಬಂದಿದೆ. 44 ಸಾವಿರ ಡಾಲರ್ ಕಟ್ಟದಿದ್ದರೆ ಜಪ್ತಿ ಅಂತಿದೆ. ಪತ್ರದ ತಾರೀಖಿನಿಂದ ಇವತ್ತಿಗೆ 19 ದಿನ. ಕಂತು ಕೇಳಲೇ, ಸಾಲ ಮಾಡಿ ಕಟ್ಟಿಬಿಡಲೇ? ಮೇಲ್ಮನವಿಗೆ ಹೋದರೆ ಮುಂದೆ ಪೌರತ್ವಕ್ಕೆ ತೊಂದರೆಯಾಗುತ್ತದೆ ಎಂದು ಹೆಂಡತಿ ಹೆದರಿದ್ದಾಳೆ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಫಾರ್ಮ್ 12153 ತುಂಬಿ ಕಳಿಸಿ. ನಿಮಗೆ ಉಳಿದಿರುವುದು ಹನ್ನೊಂದು ದಿನ. 30 ದಿನ ಎಣಿಸುವುದು ಪತ್ರದ ಮೇಲೆ ಅಚ್ಚಾದ ತಾರೀಖಿನಿಂದ, ಅದು ನಿಮ್ಮ ಕೈ ಸೇರಿದ ದಿನದಿಂದಲ್ಲ.

ಆ ಫಾರ್ಮ್‌ನಿಂದ ಕೇಳುವುದು ಕಲೆಕ್ಷನ್ ಡ್ಯೂ ಪ್ರಾಸೆಸ್ ಹಿಯರಿಂಗ್. ನಮ್ಮ ಕಸುಬಿನವರ ಬಾಯಲ್ಲಿ ಅದು ಸಿಡಿಪಿ. 1998ರ ಸುಧಾರಣಾ ಕಾಯ್ದೆಗೆ ಮುಂಚೆ ಐಆರ್‌ಎಸ್ ನೋಟಿಸ್ ಕೊಟ್ಟು, ಕಾದು, ಜಪ್ತಿ ಮಾಡಬಹುದಿತ್ತು. ನಡುವೆ ನಿಮ್ಮ ಮಾತು ಕೇಳುವವರು ಇರಲಿಲ್ಲ. ಈಗ ಜಪ್ತಿಗೆ ಮೊದಲು, ನಿಮ್ಮ ಕಡತವನ್ನು ಹಿಂದೆ ಮುಟ್ಟಿರದ ಒಬ್ಬ ಸೆಟಲ್‌ಮೆಂಟ್ ಆಫೀಸರ್ ನಿಮ್ಮ ಅಹವಾಲು ಕೇಳಬೇಕು. ಅವರಿರುವುದು ಅಪೀಲ್ಸ್ ಕಚೇರಿಯಲ್ಲಿ. ಹಿಯರಿಂಗ್ ಅಂದಾಕ್ಷಣ ಕಟಕಟೆ, ಕರಿಕೋಟು ಕಣ್ಣಮುಂದೆ ತಂದುಕೊಳ್ಳಬೇಡಿ. ಬಹುಪಾಲು ಅದು ಒಂದು ಫೋನ್ ಮಾತುಕತೆ, ಜೊತೆಗೆ ಒಂದಿಷ್ಟು ಫ್ಯಾಕ್ಸು.

30 ದಿನದೊಳಗೆ ಅರ್ಜಿ ಹೋದರೆ, ಅದು ಇತ್ಯರ್ಥವಾಗುವವರೆಗೆ ಆ ವರ್ಷದ ಬಾಕಿಗೆ ನಿಮ್ಮ ಬ್ಯಾಂಕ್ ಖಾತೆಯನ್ನಾಗಲಿ ಸಂಬಳವನ್ನಾಗಲಿ ಸಾಮಾನ್ಯವಾಗಿ ಮುಟ್ಟುವಂತಿಲ್ಲ. ಅರ್ಜಿ ಹಾಕದೆ ಬಿಟ್ಟರೆ? ಬ್ಯಾಂಕಿಗೆ ಜಪ್ತಿ ಆದೇಶ ಹೋದ ದಿನ ಖಾತೆಯಲ್ಲಿದ್ದ ಹಣವನ್ನು ಬ್ಯಾಂಕು 21 ದಿನ ಹಿಡಿದಿಟ್ಟು, ಆಮೇಲೆ ಸರ್ಕಾರಕ್ಕೆ ಕಳಿಸುತ್ತದೆ. ಸಂಬಳದ ಜಪ್ತಿ ಇನ್ನೂ ಕಷ್ಟ. ಒಂದು ಸಲ ಹಿಡಿದರೆ ಬಿಡಿಸುವವರೆಗೂ ಪ್ರತಿ ಸಂಬಳದಲ್ಲೂ ಹೋಗುತ್ತಲೇ ಇರುತ್ತದೆ, ನಿಮ್ಮ ಕಂಪನಿಯ ಪೇರೋಲ್‌ನವರಿಗೂ ವಿಷಯ ಗೊತ್ತಾಗುತ್ತದೆ.

ಇನ್ನು ನಿಮ್ಮ ಪ್ರಕರಣದ ತಿರುಳಿಗೆ ಬರುತ್ತೇನೆ. ನೀವು ಕೊಡಬೇಕಾದದ್ದು 44 ಸಾವಿರ ಅಲ್ಲವೇ ಅಲ್ಲ ಅಂತ ನನಗನ್ನಿಸುತ್ತದೆ. ಷೇರು ಮಾರಾಟದ ಬಗ್ಗೆ ಬ್ರೋಕರ್ ಕಳಿಸಿದ 1099-ಬಿ ಪಟ್ಟಿ ತೆಗೆದು ನೋಡಿ. ಕಾಸ್ಟ್ ಬೇಸಿಸ್, ಅಂದರೆ ಷೇರಿನ ಮೂಲ ಬೆಲೆಯ ಕಾಲಂ ಖಾಲಿ ಇರಬೇಕು, ಇಲ್ಲವೇ ಸೊನ್ನೆ ಇರಬೇಕು. ಆರ್‌ಎಸ್‌ಯು ಇರುವವರ ಮನೆಯಲ್ಲಿ ಇದು ಮಾಮೂಲು ಕಥೆ. ನೀವು ಮಾರಾಟವನ್ನೇ ತೋರಿಸದ ಕಾರಣ ಯಂತ್ರ 95 ಸಾವಿರಕ್ಕೆ 95 ಸಾವಿರವನ್ನೂ ಲಾಭ ಎಂದುಕೊಂಡು ತೆರಿಗೆ ಹಾಕಿದೆ. ಅದರ ಮೇಲೆ ಶೇ 20 ದಂಡ, ಇಷ್ಟು ವರ್ಷದ ಬಡ್ಡಿ. ನಿಜವಾದ ಲಾಭ 3 ಸಾವಿರ. ಅದರ ತೆರಿಗೆ ಸಾವಿರ ಡಾಲರಿನ ಆಸುಪಾಸು. ಕಂತು ಕೇಳಿದರೆ ಇಲ್ಲದ ಸಾಲಕ್ಕೆ ಕಂತು ಕಟ್ಟಿದಂತಾಗುತ್ತದೆ.

ಆದರೆ ಒಂದು ತೊಡಕಿದೆ. ಸಿಡಿಪಿಯಲ್ಲಿ ‘ಈ ತೆರಿಗೆಯೇ ತಪ್ಪು’ ಎಂದು ವಾದಿಸಲು ಎಲ್ಲರಿಗೂ ಅವಕಾಶವಿಲ್ಲ. ತೆರಿಗೆ ಹೇರುವ ಮುಂಚೆ ಐಆರ್‌ಎಸ್ ನೋಟಿಸ್ ಆಫ್ ಡಿಫಿಷಿಯೆನ್ಸಿ ಕಳಿಸಿರುತ್ತದೆ. 90 ದಿನದೊಳಗೆ ಟ್ಯಾಕ್ಸ್ ಕೋರ್ಟಿಗೆ ಹೋಗಿ ಎನ್ನುವ ಪತ್ರ ಅದು. ಅದು ನಿಮ್ಮ ಕೈ ಸೇರಿದ್ದರೆ, ಅಥವಾ ಪ್ರಶ್ನಿಸಲು ಬೇರೆ ಯಾವುದೇ ಅವಕಾಶ ಸಿಕ್ಕಿದ್ದರೆ, ಈಗ ಆ ಬಾಗಿಲು ಮುಚ್ಚಿದೆ. ನಿಮ್ಮದು ಬಹುಶಃ ಸ್ಯಾನ್ ಹೋಸೆಯ ಹಳೇ ಮನೆಗೆ ಹೋಗಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಿಮ್ಮ ಕೊನೆಯ ರಿಟರ್ನ್‌ನಲ್ಲಿದ್ದ ವಿಳಾಸಕ್ಕೆ ಕಳಿಸಿದ್ದರೆ ಪತ್ರ ಕಾನೂನಿನ ಪ್ರಕಾರ ಊರ್ಜಿತವೇ. ‘ನನಗೆ ಬರಲಿಲ್ಲ, ಹಾಗಾಗಿ ತೆರಿಗೆ ರದ್ದು ಮಾಡಿ’ ಎಂದರೆ ನಡೆಯುವುದಿಲ್ಲ. ಆದರೆ ಸಿಡಿಪಿಯಲ್ಲಿ ಬಾಕಿಯನ್ನೇ ಪ್ರಶ್ನಿಸುವ ಹಕ್ಕಿಗೆ ನೋಡುವುದು ಪತ್ರ ನಿಜವಾಗಿ ಕೈಗೆ ಬಂತೇ ಎನ್ನುವುದನ್ನು. ಕಳಿಸಿದ್ದು ಬೇರೆ, ತಲುಪಿದ್ದು ಬೇರೆ. (ಪೋಸ್ಟ್‌ಮ್ಯಾನ್ ಬಂದಾಗ ಬೇಕೆಂದೇ ಸಹಿ ಹಾಕದೆ ವಾಪಸ್ ಕಳಿಸಿದವರಿಗೆ ಈ ರಿಯಾಯಿತಿ ಇಲ್ಲ.) ಮನೆ ಬಿಟ್ಟ ತಾರೀಖು ತೋರಿಸುವ ಬಾಡಿಗೆ ಕರಾರು, ವಿದ್ಯುತ್ ಬಿಲ್, ಹೊಸ ಲೈಸೆನ್ಸ್ ಎಲ್ಲವನ್ನೂ ಒಟ್ಟು ಮಾಡಿ. ಡ್ರಾಯರಿನಲ್ಲಿರುವ ನೋಟಿಸುಗಳನ್ನೂ ತೆಗೆಯಿರಿ. ಅವು ಬರೀ ಬಾಕಿ ಕೇಳುವ ಪತ್ರಗಳಾಗಿದ್ದರೆ ಚಿಂತೆಯಿಲ್ಲ. ಆ 90 ದಿನದ ಪತ್ರವೇ ಅದರಲ್ಲಿ ಸಿಕ್ಕರೆ ನನಗೆ ಮತ್ತೆ ಬರೆಯಿರಿ. ಆಗ ಹಿಡಿಯಬೇಕಾದ ದಾರಿ ಆಡಿಟ್ ರೀಕನ್ಸಿಡರೇಶನ್, ಅಂದರೆ ಹಾಕಿದ ತೆರಿಗೆಯನ್ನು ಮತ್ತೆ ಪರಿಶೀಲಿಸಿ ಎಂದು ಐಆರ್‌ಎಸ್‌ಗೇ ಕೇಳುವುದು.

ಫಾರ್ಮ್ ತುಂಬುವಾಗ ಕಂತಿನ ಚೌಕಕ್ಕೆ ಮಾತ್ರ ಟಿಕ್ ಹಾಕಿ ಸುಮ್ಮನಾಗಬೇಡಿ. ನಾನು ಕಂಡ ಎಡವಟ್ಟುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಅಲ್ಲಿಯೇ. ‘2021ರ ಈ ತೆರಿಗೆಗೆ ನಾನು ಬಾಧ್ಯನಲ್ಲ, ನೋಟಿಸ್ ಆಫ್ ಡಿಫಿಷಿಯೆನ್ಸಿ ನನ್ನ ಕೈ ಸೇರಿಲ್ಲ, ಷೇರುಗಳ ಮೂಲ ಬೆಲೆ 92 ಸಾವಿರ’ ಎಂದು ಬಿಡಿಸಿ ಬರೆಯಿರಿ. ಹಿಯರಿಂಗ್‌ನಲ್ಲಿ ಎತ್ತದ ವಿಷಯವನ್ನು ಆಮೇಲೆ ಟ್ಯಾಕ್ಸ್ ಕೋರ್ಟ್ ಕೇಳುವುದಿಲ್ಲ. ಬಾಯಲ್ಲಿ ಎತ್ತಿ, ಅಧಿಕಾರಿ ಗಡುವು ಕೊಟ್ಟರೂ ದಾಖಲೆ ಕೊಡದಿದ್ದರೆ, ಎತ್ತದಷ್ಟೇ ಲೆಕ್ಕ. ಆದ್ದರಿಂದ ಷೇರು ಕೈಗೆ ಬಂದ ದಿನದ ಸ್ಟೇಟ್‌ಮೆಂಟ್, ಬ್ರೋಕರ್ ಕೊಡುವ ಪೂರಕ ಪಟ್ಟಿ, ಡಬ್ಲ್ಯು-2, ಷೇರು ಮಾರಾಟದ ಲಾಭ-ನಷ್ಟ ತೋರಿಸುವ ಫಾರ್ಮ್ 8949 ಹೊಸದಾಗಿ ತುಂಬಿದ್ದು ಎಲ್ಲ ಈಗಲೇ ಸಿದ್ಧವಿರಲಿ. ವಾದ ಒಪ್ಪದೇ ಹೋದರೆ ಎಂಬ ಎಚ್ಚರಕ್ಕೆ ಕಂತಿನ ಚೌಕಕ್ಕೂ ಟಿಕ್ ಹಾಕಿಡಿ. ಎರಡನ್ನೂ ಕೇಳಲು ಅಡ್ಡಿಯಿಲ್ಲ. ಆದರೆ ಕಂತು ಕೊಡಬೇಕಾದರೆ ಉಳಿದ ವರ್ಷಗಳ ರಿಟರ್ನ್ ಎಲ್ಲ ಸಲ್ಲಿಕೆಯಾಗಿರಬೇಕು.

ರಿಟರ್ನ್ ಜಂಟಿಯಾಗಿದ್ದರೆ ನಿಮ್ಮ ಶ್ರೀಮತಿಯವರ ಹೆಸರಿಗೂ ಪ್ರತ್ಯೇಕ ಪತ್ರ ಬಂದಿರುತ್ತದೆ. ಇಬ್ಬರೂ ಸಹಿ ಹಾಕಿ. ನೀವೊಬ್ಬರೇ ಕೇಳಿದರೆ ತಡೆ ಸಿಗುವುದು ನಿಮಗೊಬ್ಬರಿಗೇ. ಪತ್ರದಲ್ಲಿ ಕೊಟ್ಟಿರುವ ವಿಳಾಸಕ್ಕೇ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ಅಂಚೆ ಮೊಹರಿನ ರಸೀದಿ ಜೋಪಾನ ಮಾಡಿ. ಗಡುವಿನೊಳಗೆ ಅಂಚೆಗೆ ಬಿದ್ದರೆ ಸಾಕು.

ಅಪೀಲ್ಸ್ ಕೊನೆಗೆ ನೋಟಿಸ್ ಆಫ್ ಡಿಟರ್ಮಿನೇಶನ್ ಎಂಬ ತೀರ್ಮಾನ ಕಳಿಸುತ್ತದೆ. ಒಪ್ಪಿಗೆಯಾಗದಿದ್ದರೆ ಅಲ್ಲಿಂದ 30 ದಿನದೊಳಗೆ ಟ್ಯಾಕ್ಸ್ ಕೋರ್ಟಿಗೆ ಅರ್ಜಿ, ಶುಲ್ಕ 60 ಡಾಲರ್. ನಾರ್ತ್ ಡಕೋಟಾದ ಒಂದು ವಕೀಲರ ಸಂಸ್ಥೆ ಈ ಅರ್ಜಿಯನ್ನು ಒಂದೇ ಒಂದು ದಿನ ತಡವಾಗಿ ಕಳಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ತಕ್ಕ ಕಾರಣವಿದ್ದರೆ ಗಡುವು ಸಡಿಲಿಸಬಹುದು ಎಂದು 2022ರಲ್ಲಿ ಕೋರ್ಟ್ ಹೇಳಿತು. ವಕೀಲರಿಗೇ ಅಷ್ಟು ಕಷ್ಟವಾಯಿತು ಎನ್ನುವುದನ್ನು ಮಾತ್ರ ನೆನಪಿಡಿ.

2025ರ ಜೂನ್‌ನಲ್ಲಿ ಅದೇ ಕೋರ್ಟ್ ಕೊಟ್ಟ ಇನ್ನೊಂದು ತೀರ್ಪು ನಿಮಗೆ ನೇರವಾಗಿ ತಟ್ಟುತ್ತದೆ. ಒಬ್ಬ ಮಹಿಳೆಯ ಸಿಡಿಪಿ ಪ್ರಕರಣ ನಡೆಯುತ್ತಿದ್ದಾಗಲೇ ಐಆರ್‌ಎಸ್ ಆಕೆಯ ನಂತರದ ವರ್ಷಗಳ ರಿಫಂಡುಗಳನ್ನು ಬಾಕಿಗೆ ಹೊಂದಿಸಿಕೊಂಡು ಸಾಲವನ್ನೇ ತೀರಿಸಿಬಿಟ್ಟಿತ್ತು. ಸಾಲ ತೀರಿತು, ಜಪ್ತಿಯ ಮಾತಿಲ್ಲ, ಹಾಗಾಗಿ ಟ್ಯಾಕ್ಸ್ ಕೋರ್ಟಿಗೆ ಕೇಳುವ ಅಧಿಕಾರವೂ ಇಲ್ಲ ಎಂದು 8-1 ಬಹುಮತದ ತೀರ್ಪಾಯಿತು. ಸಿಡಿಪಿ ಜಪ್ತಿಯನ್ನು ತಡೆಯುತ್ತದೆಯೇ ಹೊರತು ರಿಫಂಡ್ ಹೊಂದಾಣಿಕೆಯನ್ನಲ್ಲ. ಹಾಗಾಗಿ ಈ ವರ್ಷ ದೊಡ್ಡ ರಿಫಂಡ್ ಬರುವಂತೆ ಡಬ್ಲ್ಯು-4 (ಸಂಬಳದಲ್ಲಿ ಎಷ್ಟು ತೆರಿಗೆ ಮುರಿಯಬೇಕೆಂದು ಕಂಪನಿಗೆ ತಿಳಿಸುವ ಫಾರ್ಮ್) ಇಟ್ಟುಕೊಳ್ಳಬೇಡಿ. ಹಾಗಿದ್ದೂ ಹೊಂದಿಸಿಕೊಂಡರೆ, ಹೋದ ಹಣಕ್ಕೆ ಎರಡು ವರ್ಷದೊಳಗೆ ಫಾರ್ಮ್ 1040-ಎಕ್ಸ್ (ತಿದ್ದಿದ ರಿಟರ್ನ್) ಹಾಕಿ ವಾಪಸ್ ಕೇಳಿ. ಸಾಲ ಮಾಡಿ ಈಗಲೇ ಪೂರ್ತಿ ಕಟ್ಟಿಬಿಡುವುದು ಬೇಡ ಎಂದದ್ದೂ ಇದೇ ಕಾರಣಕ್ಕೆ. ಕಟ್ಟಿದರೆ ಈ ದಾರಿಯನ್ನು ನೀವೇ ಮುಚ್ಚಿದ ಹಾಗೆ.

ಪೌರತ್ವದ ಬಗ್ಗೆ: ಆ ಅರ್ಜಿಯಲ್ಲಿ ಕಟ್ಟದ ಬಾಕಿ ತೆರಿಗೆ ಇದೆಯೇ ಎಂಬ ಪ್ರಶ್ನೆಯಿದೆ. ಹಿಯರಿಂಗ್ ಕೇಳುವುದು ಕಾನೂನು ಕೊಟ್ಟ ಹಕ್ಕು, ಅಪರಾಧವಲ್ಲ. ಹೆದರಬೇಕಾದದ್ದು ಡ್ರಾಯರಿಗೆ, ಅರ್ಜಿಗಲ್ಲ ಎಂದು ಮನೆಯವರಿಗೆ ಹೇಳಿ.

ಪ್ರಶ್ನೆ: ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತೇನೆ. ಎರಡು ವರ್ಷ ತೆರಿಗೆ ಪೂರ್ತಿ ಕಟ್ಟಲಾಗದೆ 31 ಸಾವಿರ ಬಾಕಿಯಾಗಿದೆ. ನಿಮ್ಮ ಆಸ್ತಿಯ ಮೇಲೆ ಲೀನ್ ದಾಖಲಿಸಿದ್ದೇವೆ ಎನ್ನುವ ಲೆಟರ್ 3172 ಬಂದಿದೆ. ಲೀನ್ ಅಂದರೆ ಮನೆ ಹೋಯಿತು ಅಂತಲೇ? ಹಿಯರಿಂಗ್ ಕೇಳಿದರೆ ಅದು ತೆಗೆದು ಹೋಗುತ್ತದೆಯೇ?

ಉತ್ತರ: ಮನೆ ಎಲ್ಲೂ ಹೋಗಿಲ್ಲಮ್ಮ. ಊರಿನ ಪಹಣಿಯಲ್ಲಿ 11ನೇ ಕಾಲಂ ನೋಡಿರುತ್ತೀರಿ, ಬ್ಯಾಂಕಿನ ಸಾಲ ಬರೆದಿಡುವ ಜಾಗ. ಗದ್ದೆ ನಿಮ್ಮದೇ, ಉಳುವವರೂ ನೀವೇ, ಮಾರಲು ಹೋದಾಗ ಮಾತ್ರ ಆ ಸಾಲು ಎದುರು ಬರುತ್ತದೆ. ಲೀನ್ ಹೆಚ್ಚುಕಡಿಮೆ ಅದೇ. ಕಿತ್ತುಕೊಳ್ಳುವುದು ಜಪ್ತಿ, ಅದು ಬೇರೆ ಹೆಜ್ಜೆ.

ಲೀನ್ ದಾಖಲಾದ ಮೇಲೆ ಐದು ಕೆಲಸದ ದಿನದೊಳಗೆ ನಿಮಗೆ ತಿಳಿಸಬೇಕು, ಆ ಐದು ದಿನ ಮುಗಿದ ಮೇಲೆ 30 ದಿನ. ಲೆಕ್ಕ ಹಾಕುವ ತಲೆನೋವು ಬೇಡ, ಕೊನೆಯ ತಾರೀಖು ಪತ್ರದಲ್ಲೇ ಇದೆ. ಫಾರ್ಮ್ ಅದೇ 12153. ಆದರೆ ಹಿಯರಿಂಗ್ ಕೇಳಿದ ಮಾತ್ರಕ್ಕೆ ಲೀನ್ ತೊಲಗುವುದಿಲ್ಲ, ದಾಖಲೆ ಹಾಗೇ ಇರುತ್ತದೆ. ಅಲ್ಲಿ ಏನು ಕೇಳುತ್ತೀರಿ ಎನ್ನುವುದು ಮುಖ್ಯ, ಮತ್ತು ನಿಮಗೆ ಕೇಳಲು ಒಳ್ಳೆಯದೊಂದಿದೆ. ಬಾಕಿ 25 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದು, ಬ್ಯಾಂಕ್ ಖಾತೆಯಿಂದ ತಾನಾಗಿ ಮುರಿಯುವ ಕಂತು ಒಪ್ಪಿಕೊಂಡು, ಸತತ ಮೂರು ಕಂತು ಕಟ್ಟಿದ ಮೇಲೆ ಫಾರ್ಮ್ 12277ರಲ್ಲಿ ಲೀನ್ ನೋಟಿಸ್ ವಾಪಸ್ ಪಡೆಯಿರಿ ಎಂದು ಕೇಳಬಹುದು. ಕಂತು 60 ತಿಂಗಳಲ್ಲಿ ಮುಗಿಯುವಂತಿರಬೇಕು. ನೀವು ಹೇಗಾದರೂ 6 ಸಾವಿರ ಹೊಂದಿಸಿ ಮೊದಲು ಕಟ್ಟಿದರೆ ಆ ಗೆರೆಯೊಳಗೆ ಬರುತ್ತೀರಿ. ಬಡ್ಡಿ ಏರುತ್ತಿರುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಕಟ್ಟಿ. ಮತ್ತೆ ಬಾಕಿ ಬೆಳೆಯಬಾರದು: ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯ ಮುಂಗಡ ತೆರಿಗೆ ತಪ್ಪಿದರೆ ಕಂತಿನ ಒಪ್ಪಂದವೇ ಮುರಿದು ಬೀಳಬಹುದು.

ನಡುವೆ ಮನೆ ಮಾರಬೇಕಾಗಿ ಬಂದರೆ ಅದನ್ನು ಲೀನ್‌ನಿಂದ ಬಿಡಿಸಲು ಫಾರ್ಮ್ 14135. ಕ್ಲೋಸಿಂಗ್‌ಗೆ, ಅಂದರೆ ಮಾರಾಟ ಪಕ್ಕಾ ಆಗುವ ದಿನಕ್ಕೆ, 45 ದಿನ ಮುಂಚೆಯೇ ಕಳಿಸಬೇಕು. ಸಾಲ ಮರುಹೊಂದಾಣಿಕೆ ಮಾಡಿಸಲು 14134.

ಇನ್ನೊಂದು: ಲೀನ್ ಸಾರ್ವಜನಿಕ ದಾಖಲೆ. ನಿಮ್ಮ ಅಂಚೆ ಡಬ್ಬಿಗೆ ‘ತೆರಿಗೆ ಮಾಫಿ ಮಾಡಿಸುತ್ತೇವೆ’ ಎನ್ನುವ ಕಂಪನಿಗಳ ಪತ್ರ ಸುರಿಯುತ್ತಿರಬೇಕು, ಕೆಲವು ಸರ್ಕಾರಿ ಲಕೋಟೆಯಂತೆಯೇ ಕಾಣುತ್ತವೆ. ಸಾವಿರಾರು ಡಾಲರ್ ಮುಂಗಡ ಕೇಳುವವರಿಗೆ ಕೊಡುವ ಬದಲು ಆ ದುಡ್ಡನ್ನು ಮೇಲೆ ಹೇಳಿದ 6 ಸಾವಿರಕ್ಕೆ ಸೇರಿಸಿ. ಆದಾಯ ಕಡಿಮೆಯಿದ್ದರೆ ಲೋ ಇನ್‌ಕಮ್ ಟ್ಯಾಕ್ಸ್‌ಪೇಯರ್ ಕ್ಲಿನಿಕ್‌ಗಳಲ್ಲಿ ಉಚಿತವಾಗಿ ಅಥವಾ ಅತಿ ಕಡಿಮೆ ಶುಲ್ಕಕ್ಕೆ ನಿಮ್ಮ ಪರ ಮಾತಾಡುವವರು ಸಿಗುತ್ತಾರೆ.

ಪ್ರಶ್ನೆ: ಅಮೆರಿಕ ಬಿಟ್ಟು ಮೈಸೂರಿಗೆ ಬಂದು ನಾಲ್ಕು ವರ್ಷವಾಯಿತು. ಹಳೇ ಬಾಕಿ ಕಟ್ಟಿ ಎನ್ನುವ ಸಿಪಿ504 ನೋಟಿಸ್ ಬಂದಿದೆ ಎಂದು ಅಲ್ಲಿನ ಗೆಳೆಯ ಫೋಟೊ ಕಳಿಸಿದ. ಹತ್ತು ವರ್ಷ ಕಳೆದರೆ ಬಾಕಿ ತಾನಾಗಿ ಹೋಗುತ್ತದಂತೆ, ಸುಮ್ಮನಿರಲೇ? ಎಫ್‌ಬಾರ್ (ವಿದೇಶಿ ಬ್ಯಾಂಕ್ ಖಾತೆಗಳ ವರದಿ) ದಂಡಕ್ಕೂ ಇದೇ ಹಿಯರಿಂಗ್ ಇದೆಯೇ?

ಉತ್ತರ: ಸಿಪಿ504ರಲ್ಲೂ ಜಪ್ತಿ ಎನ್ನುವ ಮಾತಿದೆ, ಆದರೆ ಅದು ಸಿಡಿಪಿ ಹಕ್ಕು ಕೊಡುವ ಪತ್ರವಲ್ಲ. ಈಗಲೇ 12153 ಕಳಿಸಿದರೆ ಅವಸರವಾಯಿತು. ಆ ಹಕ್ಕು ಬರುವುದು ಮುಂದಿನ ಪತ್ರದಲ್ಲಿ: ಎಲ್‌ಟಿ11, ಲೆಟರ್ 1058, ಅಥವಾ ಸಿಪಿ90. ಆ ಪತ್ರವೂ ಗೆಳೆಯನ ಮನೆಗೇ ಹೋಗುತ್ತದೆ, ಅವನು ರಜೆಯಲ್ಲಿದ್ದರೂ ದಿನ ಓಡುತ್ತಿರುತ್ತದೆ. ಇವತ್ತೇ ಫಾರ್ಮ್ 8822 ಹಾಕಿ ಮೈಸೂರಿನ ವಿಳಾಸ ಕೊಡಿ. 30 ದಿನ ತಪ್ಪಿದರೂ ಒಂದು ವರ್ಷದೊಳಗೆ ‘ಇಕ್ವಿವಲೆಂಟ್ ಹಿಯರಿಂಗ್’ ಕೇಳಬಹುದು, ಅದಕ್ಕೆ ಫಾರ್ಮ್‌ನಲ್ಲಿ ಬೇರೆ ಚೌಕವಿದೆ. ಆದರೆ ಅದರ ತೀರ್ಮಾನದ ಮೇಲೆ ಕೋರ್ಟಿಗೆ ಹೋಗುವಂತಿಲ್ಲ, ಜಪ್ತಿಯನ್ನು ಕಾನೂನು ತಡೆಯುವುದೂ ಇಲ್ಲ.

ಹತ್ತು ವರ್ಷದ ಮಾತು ಅರ್ಧ ಸತ್ಯ. ವಸೂಲಿಗೆ ಹತ್ತು ವರ್ಷದ ಮಿತಿ ಇದೆ ನಿಜ. ಆದರೆ ನೀವು ಸತತ ಆರು ತಿಂಗಳು ಅಥವಾ ಹೆಚ್ಚು ಕಾಲ ಅಮೆರಿಕದ ಹೊರಗಿದ್ದರೆ ಆ ಗಡಿಯಾರ ನಿಲ್ಲುತ್ತದೆ. ಸಕಾಲದ ಸಿಡಿಪಿ ಅರ್ಜಿ ಬಾಕಿಯಿರುವಷ್ಟು ದಿನವೂ ನಿಲ್ಲುತ್ತದೆ. ಮೈಸೂರಿನಲ್ಲಿ ಕಳೆದ ನಾಲ್ಕು ವರ್ಷ ನಿಮ್ಮ ಲೆಕ್ಕಕ್ಕೆ ಸೇರಿಲ್ಲದಿರಬಹುದು, ಬಡ್ಡಿಯ ಲೆಕ್ಕಕ್ಕೆ ಮಾತ್ರ ಸೇರಿದೆ.

ಎಫ್‌ಬಾರ್ ದಂಡ ತೆರಿಗೆ ಸಂಹಿತೆಯದ್ದಲ್ಲ, ಬ್ಯಾಂಕ್ ಸೀಕ್ರೆಸಿ ಕಾಯ್ದೆಯದ್ದು. ಅದಕ್ಕೆ ಈ ಹಿಯರಿಂಗ್ ಇಲ್ಲ. ಆ ಪತ್ರವೂ ಬಂದಿದ್ದರೆ ಅದರ ಪ್ರತಿ ಕಳಿಸಿ, ಬೇರೆಯಾಗಿ ನೋಡೋಣ.