ದಿನಬಳಕೆಗೆ ಚಿಕ್ಕ ಸ್ಮಾರ್ಟ್‌ಫೋನೇ ಏಕೆ ಅನುಕೂಲ?

ಅಂಗಡಿಗಳ ತುಂಬ ದೊಡ್ಡ ಪರದೆಯ ಫೋನುಗಳೇ ಇರುವಾಗ ಕೆಲವರು ಚಿಕ್ಕದನ್ನೇ ಹುಡುಕುವುದೇಕೆ ಎಂದು ಕೇಳಿದ್ದೀರಿ. ಒಂದೇ ಕೈಯಲ್ಲಿ ಪೂರ್ತಿ ಕೆಲಸ ಮುಗಿಯುತ್ತದೆ ಎಂಬುದೇ ಮುಖ್ಯ ಕಾರಣ. ಮಳೆಗಾಲದಲ್ಲಿ ಬೆಳಗಾವಿಯ ಖಡೇಬಜಾರಿನಲ್ಲಿ ಖರೀದಿಗೆ ಬಂದವರನ್ನು ಗಮನಿಸಿ: ಎಡಗೈಯಲ್ಲಿ ಕೊಡೆ, ಅದೇ ಮೊಣಕೈಗೆ ತೂಗುಬಿದ್ದ ಚೀಲ, ಅಂಗಡಿಯವರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೊತ್ತ ಒತ್ತಿ, ಪಿನ್ ಹಾಕುವ ಕೆಲಸವೆಲ್ಲ ಬಲಗೈಯ ಹೆಬ್ಬೆರಳೊಂದರದೇ. ಅಗಲವಾದ ಫೋನಿನಲ್ಲಿ ಎಡ ಮೇಲ್ತುದಿಯ ಗುಂಡಿಯನ್ನು ಮುಟ್ಟಬೇಕಾದರೆ ಹಿಡಿತ ಸಡಿಲಿಸಲೇಬೇಕು, ಒದ್ದೆ ಕೈಯಿಂದ ಅದು ಜಾರುವುದೂ ಆಗಲೇ.

ಆದ್ದರಿಂದ ಕೊಳ್ಳುವಾಗ ಪರದೆಯ ಕರ್ಣದ ಅಳತೆಗಿಂತ ಫೋನಿನ ಅಗಲವನ್ನೂ ತೂಕವನ್ನೂ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 2021ರ ಐಫೋನ್ 13 ಮಿನಿಯ ಅಗಲ ಸುಮಾರು 64 ಮಿ.ಮೀ., ತೂಕ ಸುಮಾರು 140 ಗ್ರಾಂ. ಅದೇ ವರ್ಷದ 13 ಪ್ರೊ ಮ್ಯಾಕ್ಸ್ ಸುಮಾರು 78 ಮಿ.ಮೀ. ಅಗಲವಿದ್ದು, 240 ಗ್ರಾಂನಷ್ಟು ತೂಗುತ್ತದೆ. ಮಲಗಿಕೊಂಡು ಓದುವ ರೂಢಿ ಇದ್ದವರ ಕಿರುಬೆರಳಿಗೆ ಈ ನೂರು ಗ್ರಾಂ ಚೆನ್ನಾಗಿಯೇ ಗೊತ್ತಾಗುತ್ತದೆ. ಅಂಗಿಯ ಜೇಬಿನ ಮಾತಂತೂ ಹೇಳಬೇಕಾಗಿಯೇ ಇಲ್ಲ.

ಕೊರತೆಯೂ ಇದೆ. ಚಿಕ್ಕ ಒಡಲಿನಲ್ಲಿ ಬ್ಯಾಟರಿಗೆ ಜಾಗ ಕಡಿಮೆಯಾದ್ದರಿಂದ, ವಿಡಿಯೊ ಮತ್ತು ನಕ್ಷೆಯನ್ನು ಹೆಚ್ಚು ಬಳಸುವವರು ಸಂಜೆಯ ಹೊತ್ತಿಗೆ ಚಾರ್ಜರ್ ಹುಡುಕಬೇಕಾಗುತ್ತದೆ. ಮುಪ್ಪಿನ ಕಣ್ಣಿಗೆ, ವಿಡಿಯೊ ಪಾಠ ನೋಡುವ ಮಕ್ಕಳಿಗೆ ದೊಡ್ಡ ಪರದೆಯೇ ಸರಿ. 2022ರ ಐಫೋನ್ ಸರಣಿಯಲ್ಲಿ ಆಪಲ್ ಮಿನಿ ಮಾದರಿಯನ್ನು ಕೈಬಿಟ್ಟ ಮೇಲೆ ಆಯ್ಕೆಗಳು ಇನ್ನಷ್ಟು ಕುಗ್ಗಿವೆ. 6.1 ಇಂಚಿನ ಪರದೆಯ, 168 ಗ್ರಾಂ ತೂಕದ, 2023ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23ರಂಥವನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳು ಎಲ್ಲಿಯವರೆಗೆ ನಿಲುಕುತ್ತದೆಂದು ನೋಡಿಯೇ ಕೊಳ್ಳಿ.