ಫರ್ಲೋ ಅಂದ್ರೆ ಕೆಲಸ ಹೋಯ್ತು ಅಂತಲ್ಲ

ಅಮೆರಿಕದ ಸರ್ಕಾರಿ ನೌಕರರಿಗೆ ಫರ್ಲೋ, ಇಲ್ಲಿ ಜೈಲಿನ ಕೈದಿಗೂ ಫರ್ಲೋ, ಎರಡೂ ಒಂದೇನಾ ಅಂತ ಕೇಳಿದ್ದೀರಿ. ಪದ ಒಂದೇ, ಬಳಕೆ ಬೇರೆ. ಡಚ್ಚರ ‘ವರ್ಲೋಫ್’ನಿಂದ ಬಂದದ್ದು, ಅರ್ಥ ರಜೆ. ಇಂಗ್ಲಿಷ್ ಸ್ಪೆಲಿಂಗಿನ ಕೊನೆಯ ಜಿ, ಎಚ್ ಸುಮ್ನೆ ಕೂತಿವೆ, ನಾನಂತೂ ಬಹಳ ದಿನ ‘ಫರ್ಲಫ್’ ಅಂತಲೇ ಓದುತ್ತಿದ್ದೆ!

ಅಮೆರಿಕದಲ್ಲಿ ಬಜೆಟ್ ಪಾಸಾಗದೆ ಕಚೇರಿಗಳು ಮುಚ್ಚಿದಾಗ ನೌಕರರನ್ನು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸುತ್ತಾರೆ, 2018-19ರಲ್ಲಿ 35 ದಿನ ಹೀಗೇ ಆಗಿತ್ತು. ಆದರೆ ಕೆಲಸ ಹೋಗಿರುವುದಿಲ್ಲ.

ನಮ್ಮ ಜೈಲುಗಳಲ್ಲಿ ಮದುವೆ, ತಿಥಿ, ಕಾಯಿಲೆ ಅಂತ ಕಾರಣ ತೋರಿಸಿ ಪಡೆಯುವುದು ಪೆರೋಲ್. ದೀರ್ಘ ಶಿಕ್ಷೆಯ ಕೈದಿಯನ್ನು ನಡತೆ ನೋಡಿ, ಅಂಥ ಕಾರಣ ಕೇಳದೆ ಕೆಲವು ದಿನ ಮನೆಗೆ ಬಿಡುವುದು ಫರ್ಲೋ. ಆ ದಿನಗಳೂ ಸಾಮಾನ್ಯವಾಗಿ ಶಿಕ್ಷೆಯ ಲೆಕ್ಕಕ್ಕೇ ಸೇರುತ್ತವೆ. ಹಾಗಾಗಿ ಪೇಪರಿನಲ್ಲಿ ಎರಡನ್ನೂ ‘ತಾತ್ಕಾಲಿಕ ಬಿಡುಗಡೆ’ ಅಂತ ಬರೆದರೆ ಗೊಂದಲ ಜಾಸ್ತಿ, ಅಲ್ವಾ?